ಹಳೇ ಜಿಪ್ಸಿ ಪಿಕಪ್: ಮಳೆ ಬಂದಾಗ ಮಾತ್ರ ಲೀನ್ ಆಗುತ್ತಿದೆ, ಎಲ್ಲಿಂದ ಹುಡುಕಲಿ?

ಕಣದ ಮೂಲೆ
ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ತೋಟ. 2013ರ ಜಿಪ್ಸಿ ಇದೆ, 1.3 ಲೀಟರ್ ಎಂಪಿಎಫ್‌ಐ (ಕಂಪ್ಯೂಟರ್ ಹಿಡಿತದ ಪೆಟ್ರೋಲ್ ಇಂಜೆಕ್ಷನ್) ಇಂಜಿನ್. ಹಿಂದಿನ ಸೀಟು ಬಿಚ್ಚಿ, ತಗಡು ಹಾಸಿ ಪಿಕಪ್ ಥರ ಬಳಸುತ್ತಿದ್ದೇವೆ. ಗೊಬ್ಬರ, ಕಾಫಿ ಮೂಟೆ, ಮೆಣಸು, ಒಮ್ಮೊಮ್ಮೆ ಪಂಪ್‌ಸೆಟ್ಟು, ಎಲ್ಲ ಇದರಲ್ಲೇ.

ಚೆಟ್ಟಳ್ಳಿ ದಾಟಿ ಮಡಿಕೇರಿ ಕಡೆ ಏರು ಶುರುವಾದರೆ ಗಾಡಿಗೆ ದಮ್ಮೇ ಇರುವುದಿಲ್ಲ. ಆಕ್ಸಿಲರೇಟರ್ ತುಳಿದಷ್ಟೂ ಜರ್ಕ್. ಒಂದೆರಡು ಸಲ ಇನ್‌ಟೇಕ್ ಕಡೆಯಿಂದ ಪಟ್ ಅಂತ ಸದ್ದೂ ಬಂದಿದೆ. ಆಮೇಲೆ ಚೆಕ್ ಇಂಜಿನ್ ಲೈಟ್. ಮಾರನೇ ದಿನ ಬೆಳಿಗ್ಗೆ ಅದೇ ಲೋಡು, ಅದೇ ಏರು, ಏನೂ ಆಗಿಲ್ಲ ಅನ್ನುವ ಹಾಗೆ ಹತ್ತುತ್ತದೆ. ಮಳೆ ಬಂದ ದಿನ ಜಾಸ್ತಿ ಕಾಡುತ್ತದೆ ಅಂತ ನನ್ನ ಅಂದಾಜು.

ಕೋಡ್ ಪಿ0171, ಅಂದರೆ ಸಿಸ್ಟಮ್ ಲೀನ್, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅಂತ. ಗ್ಯಾರೇಜಿನಲ್ಲಿ ಆಕ್ಸಿಜನ್ ಸೆನ್ಸರ್, ಪ್ಲಗ್, ಏರ್ ಫಿಲ್ಟರ್ ಬದಲಾಯಿಸಿದರು. ಫ್ಯೂಯಲ್ ಫಿಲ್ಟರೂ ಹೊಸದು. ಗೇಜ್ ಹಾಕಿ ಪ್ರೆಶರ್ ನೋಡಿದರು, ಸರಿಯಾಗೇ ಇದೆ ಅಂದರು. ಈಗ ಇಂಜೆಕ್ಟರ್ ಸೆಟ್ ಬದಲಾಯಿಸೋಣ ಅನ್ನುತ್ತಿದ್ದಾರೆ. ದುಡ್ಡು ಹಾಕುವ ಮುಂಚೆ ಇಲ್ಲಿ ಕೇಳೋಣ ಅನ್ನಿಸಿತು.

ಘಾಟಿ ಗೇರು
ಇಂಜೆಕ್ಟರ್ ಈಗಲೇ ಬೇಡ. ಪೆಟ್ರೋಲ್ ಮೇಲೆ ನನ್ನ ಅನುಮಾನ. ಈಗ ಬರುತ್ತಿರುವುದು ಇ20, ಶೇಕಡಾ 20 ಎಥನಾಲ್ ಬೆರೆಸಿದ್ದು. ಎಥನಾಲ್‌ನಲ್ಲೇ ಆಮ್ಲಜನಕ ಇರುತ್ತದೆ, ಹಾಗಾಗಿ ಅಷ್ಟೇ ಗಾಳಿಗೆ ಪೆಟ್ರೋಲ್ ಜಾಸ್ತಿ ಬೇಕು. 2013ರ ಗಾಡಿ ಇ20ಗೆ ಮಾಡಿದ್ದಲ್ಲ. ಲೀನ್ ಕೋಡ್ ಬರದೆ ಇನ್ನೇನು ಬರುತ್ತದೆ?

ಸ್ಪ್ಯಾನರ್ ಸೆಟ್
ಅರ್ಧ ಸರಿ. ಶುದ್ಧ ಪೆಟ್ರೋಲಿಗೆ ಗಾಳಿ-ಇಂಧನದ ಅನುಪಾತ 14.7. ಇ10ಗೆ ಸುಮಾರು 14.1, ಇ20ಗೆ ಸುಮಾರು 13.5. ಇ10ರಿಂದ ಇ20ಗೆ ಹೋದರೆ ಇಂಧನ ಶೇಕಡಾ 4-5ರಷ್ಟು ಜಾಸ್ತಿ ಬೇಕು, ಅಷ್ಟೇ. ಅಷ್ಟನ್ನು ಇಸಿಯು (ಇಂಜಿನ್ ಕಂಪ್ಯೂಟರ್) ತಾನೇ ಸರಿ ಮಾಡಿಕೊಳ್ಳುತ್ತದೆ. ಬರೀ ಇ20ಯಿಂದ ಪಿ0171 ಬರುವುದಿಲ್ಲ. ಆದರೆ ಮೊದಲೇ ಅಂಚಿನಲ್ಲಿರುವ ಗಾಡಿಯನ್ನು ಅದು ಆಚೆ ತಳ್ಳಬಹುದು.

ಇನ್ನೊಂದು. ಇ20 ಸಂಜೆ ಹೊತ್ತು ಬೇರೆ, ಬೆಳಿಗ್ಗೆ ಬೇರೆ ಆಗುವುದಿಲ್ಲ ಅಲ್ವಾ? ಒಂದೇ ಟ್ಯಾಂಕ್ ಪೆಟ್ರೋಲಿನಲ್ಲಿ ಒಂದು ದಿನ ಚೆನ್ನಾಗಿ ಓಡಿ ಇನ್ನೊಂದು ದಿನ ತೊಂದರೆ ಕೊಟ್ಟರೆ ಕಾರಣ ಬೇರೆ ಇದೆ.

ಕಣದ ಮೂಲೆಯವರೇ, ಬ್ಲೂಟೂತ್ ಸ್ಕ್ಯಾನರ್ ಇದ್ದರೆ ಫ್ಯೂಯಲ್ ಟ್ರಿಮ್ ನೋಡಿ ಹೇಳಿ, ಅಂದರೆ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ. ಐಡಲ್‌ನಲ್ಲಿ ಎಷ್ಟು, ನಿಂತಲ್ಲೇ 2500 ಆರ್‌ಪಿಎಂನಲ್ಲಿ ಎಷ್ಟು, ಲೋಡ್ ಹಾಕಿ ಏರು ಹತ್ತುವಾಗ ಎಷ್ಟು. ಮೂರೂ ಬೇಕು.

ಕರಿಮೆಣಸು ಬಳ್ಳಿ
ಮಳೆಗಾಲದಲ್ಲಿ ಬರುತ್ತದೆ ಅಂದರೆ ಟ್ಯಾಂಕಿಗೆ ನೀರು ಸೇರಿರಬೇಕು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಅರ್ಧ ಖಾಲಿ ಟ್ಯಾಂಕು! ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದೂ ತಳದಿಂದಲೇ. ಸ್ವಲ್ಪ ಪೆಟ್ರೋಲ್ ಗಾಜಿನ ಬಾಟಲಿಗೆ ತೆಗೆದು ಒಂದು ರಾತ್ರಿ ಬಿಡಿ. ಎರಡು ಪದರ ಕಂಡರೆ ಅಲ್ಲೇ ಉತ್ತರ. ಅಡುಗೆಮನೆಯಲ್ಲಿ ಮಾತ್ರ ಇಡಬೇಡಿ.

ಹಳೇ ವಿಲ್ಲೀಸ್
ನಿಮ್ಮ ಕಂಪ್ಯೂಟರ್ ಗಾಡಿಗಳ ಕಥೆಯೇ ಇಷ್ಟು. ನಮ್ಮ ವಿಲ್ಲೀಸ್ ಜೀಪಿನಲ್ಲಿ ಲೀನ್ ಅಂದರೆ ಚೋಕ್ ಸ್ವಲ್ಪ ಎಳೆದು ನೋಡುತ್ತಿದ್ದೆವು. ಸರಿ ಹೋದರೆ ಕಾರ್ಬ್ಯುರೇಟರಿನ ಜೆಟ್‌ನಲ್ಲಿ (ಪೆಟ್ರೋಲ್ ಬರುವ ಸಣ್ಣ ತೂತು) ಕಸ, ಅಷ್ಟೇ. ಮಡಿಕೇರಿ ಎತ್ತರದಲ್ಲಿದೆ, ಅಲ್ಲಿ ಗಾಳಿ ತೆಳು. ಅದಕ್ಕೇ ಲೀನ್ ಆಗುತ್ತಿರಬಹುದಾ?

ಸ್ಪ್ಯಾನರ್ ಸೆಟ್
ಅಂಕಲ್, ಎತ್ತರಕ್ಕೆ ಹೋದರೆ ಉಲ್ಟಾ. ಗಾಳಿ ತೆಳುವಾದಾಗ ಕಾರ್ಬ್ಯುರೇಟರ್ ಗಾಡಿ ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಜಾಸ್ತಿಯಾಗುತ್ತದೆ. ಜೆಟ್ ತನ್ನ ಪಾಲಿನ ಪೆಟ್ರೋಲ್ ಕೊಡುತ್ತಲೇ ಇರುತ್ತದೆ, ಗಾಳಿ ಮಾತ್ರ ಕಡಿಮೆ. ಮಡಿಕೇರಿ ಸುಮಾರು 1,170 ಮೀಟರ್. ಎಂಪಿಎಫ್‌ಐಗೆ ಅದೊಂದು ವಿಷಯವೇ ಅಲ್ಲ, ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ ನೋಡುವ ಮ್ಯಾಪ್ ಸೆನ್ಸರ್ ಅದನ್ನು ಅಳೆದು ಹೇಳುತ್ತದೆ.

ಆದರೆ ನಿಮ್ಮ ಚೋಕ್ ಪರೀಕ್ಷೆ ನನಗೆ ಇಷ್ಟ. ಪೆಟ್ರೋಲ್ ಜಾಸ್ತಿ ಕೊಟ್ಟಾಗ ಗಾಡಿ ಸರಿ ಹೋಗುತ್ತದಾ ಅನ್ನುವುದೇ ಅಲ್ಲೂ ಪ್ರಶ್ನೆ, ಇಲ್ಲೂ ಪ್ರಶ್ನೆ.

ಕಣದ ಮೂಲೆ
ಬಾಟಲಿ ನೋಡಿದೆ, ಪದರ ಇಲ್ಲ, ಪೆಟ್ರೋಲ್ ತಿಳಿಯಾಗಿದೆ. ಟ್ರಿಮ್ ಹೀಗಿದೆ. ಐಡಲ್‌ನಲ್ಲಿ ಲಾಂಗ್ ಟರ್ಮ್ +5. ನಿಂತಲ್ಲೇ 2500ಕ್ಕೆ ಏರಿಸಿದರೆ +6. ಲೋಡ್ ಹಾಕಿ ಏರು ಹತ್ತುವಾಗ, ತೊಂದರೆ ಕೊಟ್ಟ ದಿನ, +22. ತೊಂದರೆ ಇಲ್ಲದ ದಿನ ಅದೇ ಜಾಗದಲ್ಲಿ +9.

ಸ್ಪ್ಯಾನರ್ ಸೆಟ್
ಒಳ್ಳೇ ಮಾಹಿತಿ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಲೀನ್ ಕೋಡ್ ಹೇಳುವುದು ಒಂದೇ ಮಾತು: ಸೈಲೆನ್ಸರ್ ಪೈಪಿನಲ್ಲಿ ಆಮ್ಲಜನಕ ಜಾಸ್ತಿ ಕಾಣುತ್ತಿದೆ, ಪೆಟ್ರೋಲ್ ಎಷ್ಟು ಸೇರಿಸಿದರೂ ಕಡಿಮೆ ಆಗುತ್ತಿಲ್ಲ. ಗಾಳಿ ಕಳ್ಳದಾರಿಯಿಂದ ಬಂದಿರಬಹುದು. ಪೆಟ್ರೋಲ್ ಸಾಲದೆ ಇರಬಹುದು. ಒಂದು ಸಿಲಿಂಡರ್ ಮಿಸ್ ಆದರೂ ಸುಡದ ಆಮ್ಲಜನಕ ಹೊರಗೆ ಬಂದು ಸೆನ್ಸರ್‌ಗೆ ಲೀನ್ ಅಂತಲೇ ಕಾಣುತ್ತದೆ. ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೀಳಿದ್ದರೂ ಹೊರಗಿನ ಗಾಳಿ ಒಳಗೆ ಬಂದು ಸುಳ್ಳು ಲೀನ್ ತೋರಿಸುತ್ತದೆ. ಇದ್ಯಾವುದಕ್ಕೂ ಹೊಸ ಆಕ್ಸಿಜನ್ ಸೆನ್ಸರ್ ಮದ್ದಲ್ಲ. ಅದು ಸುದ್ದಿ ತಂದವನು, ಅವನನ್ನು ಬದಲಾಯಿಸಿ ಏನು ಪ್ರಯೋಜನ?

ಈಗ ನಿಮ್ಮ ಟ್ರಿಮ್. ವ್ಯಾಕ್ಯೂಮ್ ಲೀಕ್ (ಇನ್‌ಟೇಕ್ ಕಡೆ ಎಲ್ಲೋ ಬಿರುಕಿನಿಂದ ಗಾಳಿ ಒಳಗೆ ನುಗ್ಗುವುದು) ಇದ್ದರೆ ಐಡಲ್‌ನಲ್ಲಿ ಕೆಟ್ಟದಾಗಿ ಕಂಡು, ಆರ್‌ಪಿಎಂ ಏರಿದಂತೆ ಕಡಿಮೆಯಾಗಬೇಕು. ಮ್ಯಾಪ್ ಸೆನ್ಸರ್ ಗಾಡಿಗಳಲ್ಲಿ ಅದೂ ಪೂರ್ತಿ ನಿಜವಲ್ಲ. ಲೀಕ್ ಆದಾಗ ಮ್ಯಾನಿಫೋಲ್ಡ್ ಒತ್ತಡ ಏರುತ್ತದೆ, ಇಸಿಯು ಅದನ್ನು ನೋಡಿ ಪೆಟ್ರೋಲನ್ನೂ ಸೇರಿಸುತ್ತದೆ. ಆಗ ಲೀನ್ ಆಗುವ ಬದಲು ಐಡಲ್ ಸ್ಪೀಡೇ ಏರಿ ಕೂರುತ್ತದೆ. ನಿಮಗೆ ಅಂಥದ್ದೇನೂ ಇಲ್ಲ.

ಎಕ್ಸಾಸ್ಟ್ ಸೀಳಿದ್ದರೂ ಹೀಗೆಯೇ, ಐಡಲ್ ಮತ್ತು ಕಡಿಮೆ ಲೋಡಿನಲ್ಲೇ ಜಾಸ್ತಿ ಕಾಣುತ್ತದೆ. ಜೋರು ಲೋಡಿನಲ್ಲಿ ಒಳಗಿನ ಒತ್ತಡವೇ ಹೊರಗೆ ತಳ್ಳುತ್ತಿರುತ್ತದೆ, ಗಾಳಿ ಒಳಗೆ ಬರುವುದು ಕಷ್ಟ.

ನಿಮ್ಮದು ತಿರುಗಾಮುರುಗಾ. ಐಡಲ್ ಚೆನ್ನಾಗಿದೆ, ಲೋಡ್ ಬಿದ್ದಾಗ ಹಾಳಾಗುತ್ತದೆ. ಪೆಟ್ರೋಲ್ ಪೂರೈಕೆ ಸಾಲದೆ ಇರುವ ಲಕ್ಷಣ ಇದು. ಸಾಮಾನ್ಯವಾಗಿ ಮೂರು ಜಾಗ: ಫಿಲ್ಟರ್, ಪಂಪ್, ಪಂಪಿಗೆ ಹೋಗುವ ಕರೆಂಟು. ಇಂಜೆಕ್ಟರ್ ಕಟ್ಟಿದ್ದರೆ ದಿನಾ ಒಂದೇ ಥರ ಇರಬೇಕು. ಬೆಳಿಗ್ಗೆ ತೆರೆದು ಸಂಜೆ ಕಟ್ಟುವ ಇಂಜೆಕ್ಟರ್ ನಾನು ನೋಡಿಲ್ಲ.

ಘಾಟಿ ಗೇರು
ಪ್ರೆಶರ್ ಸರಿ ಇದೆ ಅಂದಿದ್ದಾರಲ್ಲ?

ಸ್ಪ್ಯಾನರ್ ಸೆಟ್
ಶೆಡ್ಡಿನಲ್ಲಿ, ನಿಂತ ಗಾಡಿಯಲ್ಲಿ, ಹಗಲು ಹೊತ್ತಿನಲ್ಲಿ ಸರಿ ಇದೆ. ಇಂಥ ಪೋರ್ಟ್ ಇಂಜೆಕ್ಷನ್ ಗಾಡಿಗಳಲ್ಲಿ ಸಾಮಾನ್ಯವಾಗಿ 3 ಬಾರ್ ಆಸುಪಾಸು ಇರುತ್ತದೆ, ಸರಿಯಾದ ಅಂಕಿಗೆ ಮ್ಯಾನುಯಲ್ ನೋಡಿ. ಐಡಲ್‌ನಲ್ಲಿ ಇಂಜಿನ್ ಕುಡಿಯುವುದೇ ಸ್ವಲ್ಪ, ಸುಸ್ತಾದ ಪಂಪ್ ಕೂಡ ಅಲ್ಲಿ ಪಾಸಾಗುತ್ತದೆ. ತೊಂದರೆ ಕೊಡುವ ಹೊತ್ತಿನಲ್ಲಿ, ಆ ಏರಿನಲ್ಲಿ ಅಳೆಯಬೇಕು.

ಇನ್ನೊಂದು ಸುಲಭದ ಪರೀಕ್ಷೆ. ಸ್ಕ್ಯಾನರಿನಲ್ಲಿ ಆಕ್ಸಿಜನ್ ಸೆನ್ಸರ್ ವೋಲ್ಟೇಜ್ ಹಾಕಿ, ಪೂರ್ತಿ ತುಳಿದು ಹತ್ತಿಸಿ. ಪಕ್ಕದಲ್ಲಿ ಕೂತವರು ನೋಡಲಿ. ಆರೋಗ್ಯವಂತ ಗಾಡಿ 0.8-0.9 ವೋಲ್ಟ್ ತೋರಿಸುತ್ತದೆ. ಅದು 0.1-0.2ಕ್ಕೆ ಇಳಿದು, ಜೊತೆಗೆ ಶಕ್ತಿಯೂ ಹೋದರೆ ಸುಳ್ಳು ಲೀನ್ ಅಲ್ಲ, ನಿಜವಾದ ಲೀನ್. ಹಾಗಾದಾಗ ಜೋರಾಗಿ ಓಡಿಸುತ್ತಾ ಇರಬೇಡಿ. ಲೋಡಿನಲ್ಲಿ ಲೀನ್ ಓಡಿದರೆ ಬಿಸಿ ಏರುತ್ತದೆ, ನಾಕಿಂಗ್ ಬರುತ್ತದೆ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ.

ಕರಿಮೆಣಸು ಬಳ್ಳಿ
ವ್ಯಾಕ್ಯೂಮ್ ಲೀಕ್ ಹುಡುಕಲು ನಮ್ಮ ಊರಲ್ಲಿ ಒಬ್ಬರು ಊದುಬತ್ತಿ ಹಚ್ಚಿ ಇಂಜಿನ್ ಸುತ್ತ ಹಿಡಿಯುತ್ತಾರೆ. ಹೊಗೆ ಎಲ್ಲಿ ಎಳೆದುಕೊಳ್ಳುತ್ತದೆ ಅಂತ.

ಸ್ಪ್ಯಾನರ್ ಸೆಟ್
ದಯವಿಟ್ಟು ಬೇಡ. ಪೆಟ್ರೋಲ್ ಗಾಡಿ ಅದು, ದೇವರ ಕೋಣೆ ಅಲ್ಲ. ಬಿಸಿ ಇಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸ್ಪ್ರೇ ಮಾಡುವುದೂ ಅಷ್ಟೇ ಅಪಾಯ.

ವೋಲ್ಟೇಜ್ ವೀರ
ತಡವಾಗಿ ಬಂದೆ. ಎಲ್ಲರೂ "ಏನು ಕೆಟ್ಟಿದೆ" ಅಂತ ಹುಡುಕುತ್ತಿದ್ದೀರಿ. ನನಗೆ "ಯಾವಾಗ" ಅನ್ನುವುದು ಮುಖ್ಯ ಅನ್ನಿಸುತ್ತದೆ. ಮಳೆ ಬಂದಾಗ ಅಂದಿರಿ. ಮಳೆ ಬಂದಾಗ ಗಾಡಿಯಲ್ಲಿ ಏನೇನು ಬದಲಾಗುತ್ತದೆ? ವೈಪರ್ ಓಡುತ್ತದೆ. ಹೆಡ್‌ಲೈಟ್ ಹಾಕುತ್ತೀರಿ. ಗಾಜು ಮಂಜಾದರೆ ಬ್ಲೋವರ್. ಎಲ್ಲ ಕರೆಂಟ್ ತಿನ್ನುವಂಥವೇ.

ಗಾಡಿಯಲ್ಲಿ ಒಂದು ಪುಸ್ತಕ ಇಡಿ. ಹೋದಾಗೆಲ್ಲ ಬರೆಯಿರಿ: ಮಳೆ ಇತ್ತಾ, ಲೈಟ್ ಹಾಕಿದ್ದಿರಾ, ಲೋಡ್ ಎಷ್ಟು, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು. ಹೊರಗಿನಿಂದ ಹಾಕಿಸಿದ ಲೈಟ್, ಹಾರ್ನ್ ಏನಾದರೂ ಇದ್ದರೆ ಅದನ್ನೂ ಹೇಳಿ.

ಕಣದ ಮೂಲೆ
ಗಾಡಿಯ ಹಿಂಬದಿಗೆ ಒಂದು 55 ವಾಟ್ ಹ್ಯಾಲೋಜೆನ್ ಲ್ಯಾಂಪ್ ಹಾಕಿಸಿದ್ದೇವೆ, ರಾತ್ರಿ ಲೋಡ್ ಇಳಿಸಲು. ಮೀನುಕೊಲ್ಲಿ ಕಾಡಿನ ದಾರಿಯಲ್ಲಿ ಸಂಜೆ ಮೇಲೆ ಅದನ್ನು ಹಾಕಿಕೊಂಡೇ ಹೋಗುವುದು. ಹಿಂದೆ ಆನೆ ಇದೆಯಾ ಅಂತ ಕಾಣಬೇಕಲ್ಲ. ನಮ್ಮ ಕಡೆ ಅದು ತಮಾಷೆ ವಿಷಯ ಅಲ್ಲ.

ವೋಲ್ಟೇಜ್ ವೀರ
ಆ ಲ್ಯಾಂಪಿನ ನೆಗೆಟಿವ್ ವೈರ್ ಎಲ್ಲಿ ಕಟ್ಟಿದ್ದಾರೆ ನೋಡಿ. ನನಗೆ ಅಲ್ಲೇ ಏನೋ ವಾಸನೆ ಹೊಡೆಯುತ್ತಿದೆ.

ಕಣದ ಮೂಲೆ
ಪುಸ್ತಕದ ವರದಿ ಮೊದಲು. ಜೋರು ಮಳೆ, ಹಗಲು, ಹಿಂದಿನ ಲ್ಯಾಂಪ್ ಇಲ್ಲ: ತೊಂದರೆ ಇಲ್ಲ. ಒಣ ಸಂಜೆ, ಲ್ಯಾಂಪ್ ಇದೆ: ತೊಂದರೆ ಇದೆ. ಬರೆದ ಎಲ್ಲ ಸಲವೂ ಹೀಗೆಯೇ. ಮಳೆಗೂ ಇದಕ್ಕೂ ಸಂಬಂಧವೇ ಇಲ್ಲ! ಮಳೆ ಮೋಡ ಕವಿದು ಬೇಗ ಕತ್ತಲಾಗುತ್ತಿತ್ತು, ಲ್ಯಾಂಪ್ ಬೇಗ ಹಾಕುತ್ತಿದ್ದೆವು, ಅಷ್ಟೇ.

ಮತ್ತೆ ವೈರ್. ಲ್ಯಾಂಪಿನ ನೆಗೆಟಿವ್, ಪೆಟ್ರೋಲ್ ಪಂಪಿನ ಅರ್ತ್, ಎರಡೂ ಹಿಂದುಗಡೆ ಚಾಸಿ ಹತ್ತಿರ ಒಂದೇ ಬೋಲ್ಟಿಗೆ ಇವೆ. ಬೋಲ್ಟ್ ಕಾಣುವುದೇ ಇಲ್ಲ, ಕೆಸರು ಮೆತ್ತಿದೆ.

ವೋಲ್ಟೇಜ್ ವೀರ
ಬಿಚ್ಚಬೇಡಿ ಇನ್ನೂ. ಮೊದಲು ಅಳೆಯಿರಿ. ಬಿಚ್ಚಿ ಉಜ್ಜಿಬಿಟ್ಟರೆ ಕಾರಣ ಅದೇನಾ ಅಂತ ಆಮೇಲೆ ಗೊತ್ತಾಗುವುದಿಲ್ಲ.

ಪಂಪಿನ ಕನೆಕ್ಟರ್ ಹಿಂಬದಿಯಿಂದ ನೆಗೆಟಿವ್ ಪಿನ್ನಿಗೆ ಸಣ್ಣ ಸೂಜಿ ತೂರಿಸಿ ಉದ್ದ ವೈರ್ ಕಟ್ಟಿ. ಟೇಪ್ ಸುತ್ತಿ, ಎಲ್ಲೂ ಬಾಡಿಗೆ ತಾಗಬಾರದು, ಕಿಡಿ ಹಾರಬಾರದು. ಪೆಟ್ರೋಲ್ ವಾಸನೆ ಇದ್ದರೆ ಕೆಲಸ ಶುರು ಮಾಡಲೇಬೇಡಿ. ಇನ್ನೊಂದು ವೈರ್ ಬ್ಯಾಟರಿ ನೆಗೆಟಿವ್‌ನಿಂದ. ಎರಡನ್ನೂ ಒಳಗೆ ತಂದು ಮಲ್ಟಿಮೀಟರಿಗೆ ಕೊಡಿ. ಒಳ್ಳೇ ಅರ್ತ್ ಆದರೆ 0.1, ಹೆಚ್ಚೆಂದರೆ 0.2 ವೋಲ್ಟ್ ಕಾಣಬೇಕು. ಅದರ ಮೇಲೆ ಎಷ್ಟು ಕಂಡರೂ ಅಷ್ಟು ಪಂಪಿಗೆ ಸಿಗದ ವೋಲ್ಟ್.

ಓಮ್ಸ್‌ನಲ್ಲಿ ಇಟ್ಟು ಅಳೆಯಬೇಡಿ. ಕರೆಂಟ್ ಹರಿಯದೇ ಇದ್ದಾಗ ತುಕ್ಕು ಹಿಡಿದ ಜಾಯಿಂಟೂ ಚೆನ್ನಾಗಿರುವ ಹಾಗೆ ಕಾಣುತ್ತದೆ. ಕೆಲಸ ಮಾಡುತ್ತಿರುವಾಗಲೇ ಅಳೆಯಬೇಕು.

ಕಣದ ಮೂಲೆ
ಅಳೆದೆವು. ತಮ್ಮ ಓಡಿಸಿದ, ನಾನು ಮೀಟರ್ ಹಿಡಿದು ಕೂತೆ. ಬ್ಯಾಟರಿ 13.8. ಲ್ಯಾಂಪ್ ಆಫ್ ಇದ್ದಾಗ ಅರ್ತ್ ಕಡೆ 1.2 ವೋಲ್ಟ್. ಲ್ಯಾಂಪ್ ಆನ್ ಮಾಡಿದ ತಕ್ಷಣ 2.5! ಪಾಸಿಟಿವ್ ಕಡೆ ಆಮೇಲೆ ನೋಡಿದೆವು, ಎರಡೂ ಹೊತ್ತು 0.4.

ಏರಿನಲ್ಲಿ ಆನ್ ಮಾಡಿದರೆ ಜರ್ಕ್, ಆಫ್ ಮಾಡಿದರೆ ಸ್ವಲ್ಪ ಹೊತ್ತಿಗೆ ಸರಿ. ತಮ್ಮನಿಗೆ ಇದು ಆಟವೇ ಆಗಿಬಿಟ್ಟಿತು.

ವೋಲ್ಟೇಜ್ ವೀರ
ಲೆಕ್ಕ ಚೆನ್ನಾಗಿ ಕೂರುತ್ತದೆ. ಪಂಪ್ ಸುಮಾರು 4 ಆಂಪ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. 1.2 ವೋಲ್ಟ್ ಬೀಳಬೇಕಾದರೆ ಆ ಬೋಲ್ಟಿನಲ್ಲಿ 0.3 ಓಮ್. 55 ವಾಟ್ ಲ್ಯಾಂಪ್ ಅಂದರೆ ಇನ್ನೂ 4.5 ಆಂಪ್ ಅದೇ ಬೋಲ್ಟಿನ ಮೂಲಕ. ಒಟ್ಟು 8.5 ಆಂಪ್, 0.3 ಓಮ್, ಸುಮಾರು 2.5 ವೋಲ್ಟ್. ಲ್ಯಾಂಪ್ ಇಲ್ಲದಾಗ ಪಂಪಿಗೆ 12.2 ಸಿಗುತ್ತದೆ, ಹಾಕಿದಾಗ 10.9. ಪಂಪ್ ನಿಧಾನ ತಿರುಗುತ್ತದೆ, ಏರಿನಲ್ಲಿ ಪ್ರೆಶರ್ ಬೀಳುತ್ತದೆ.

ಇಸಿಯುಗೆ ಇದು ಗೊತ್ತೇ ಆಗುವುದಿಲ್ಲ. ವೋಲ್ಟೇಜ್ ಕಡಿಮೆಯಾದರೆ ಇಂಜೆಕ್ಟರ್ ತೆರೆಯುವುದು ತಡವಾಗುತ್ತದೆ ಅಂತ ಅದು ಸಮಯ ಸೇರಿಸಿಕೊಡುತ್ತದೆ, ನಿಜ. ಆದರೆ ಅದು ನೋಡುವುದು ತನಗೆ ಬರುವ ವೋಲ್ಟೇಜ್ ಮಾತ್ರ. ಹಿಂದುಗಡೆ ಪಂಪಿಗೆ ಎಷ್ಟು ಸಿಗುತ್ತಿದೆ ಅಂತ ಹೇಳುವವರು ಯಾರೂ ಇಲ್ಲ.

ಘಾಟಿ ಗೇರು
10.9 ವೋಲ್ಟ್‌ಗೆ ಇಷ್ಟೊಂದು ಲೀನ್ ಆಗಬೇಕಾ? ಚಳಿ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಎಲ್ಲ ಗಾಡಿಯಲ್ಲೂ ಅದಕ್ಕಿಂತ ಕೆಳಗೆ ಇಳಿಯುತ್ತದೆ.

ವೋಲ್ಟೇಜ್ ವೀರ
ಸ್ಟಾರ್ಟ್ ಮಾಡುವಾಗ ಇಂಜಿನ್ ಲೋಡಿನಲ್ಲಿ ಇರುವುದಿಲ್ಲ. ಆದರೂ ನಿಮ್ಮ ಪ್ರಶ್ನೆ ಸರಿ. ಹೊಸ ಪಂಪ್ ಆಗಿದ್ದರೆ 10.9ರಲ್ಲೂ ತಳ್ಳಿಬಿಡುತ್ತಿತ್ತೇನೋ. ಇದು ಹಳೇ ಪಂಪ್, ಕೈಯಲ್ಲಿ ಉಳಿತಾಯ ಇಲ್ಲ. ಜೊತೆಗೆ ಇ20 ಸ್ವಲ್ಪ ಜಾಸ್ತಿ ಕೇಳುತ್ತಿದೆ. ಇ20 ಬಗ್ಗೆ ನೀವು ಹೇಳಿದ್ದು ಪೂರ್ತಿ ವ್ಯರ್ಥವಲ್ಲ.

ಹಳೇ ವಿಲ್ಲೀಸ್
ಒಂದು ಬೋಲ್ಟು ಇಷ್ಟು ತುಕ್ಕು ಹಿಡಿಯುವುದು ಹೇಗೆ? ನಮ್ಮ ಜೀಪು ಅಷ್ಟೇ ಮಳೆಯಲ್ಲಿ ನಿಂತಿದೆ, ಅಷ್ಟೇ ಕೆಸರು ಕಂಡಿದೆ.

ಕಣದ ಮೂಲೆ
ಇವತ್ತು ಬಿಚ್ಚಿದೆ. ಲಗ್ (ಬೋಲ್ಟಿಗೆ ಕೂರುವ ವೈರ್ ತುದಿಯ ಲೋಹದ ಬಳೆ) ಮೇಲೆ ಹಸಿರು-ಬಿಳಿ ಪುಡಿ, ಕೆಳಗೆ ಚಾಸಿ ಪದರಪದರವಾಗಿ ಎದ್ದಿದೆ. ಆ ಬೋಲ್ಟಿನ ನೇರ ಮೇಲೆ ನಾವು ಹಾಸಿದ ತಗಡಿನ ಜಾಯಿಂಟ್ ಇದೆ. ಗೊಬ್ಬರದ ಮೂಟೆ ಇಡುವುದು ಅಲ್ಲೇ.

ಕರಿಮೆಣಸು ಬಳ್ಳಿ
ಹಾಗಾದರೆ ಬೇರೇನೂ ಹುಡುಕಬೇಡಿ. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಜಾತಿಯೇ. ಯೂರಿಯಾ ಗಾಳಿಯಲ್ಲಿರುವ ನೀರನ್ನೇ ಎಳೆದುಕೊಂಡು ಕರಗುತ್ತದೆ. ಮಳೆ ಶುರುವಾಗುವ ಮುಂಚೆ ಒಂದು ಸುತ್ತು, ಮಳೆ ಬಿಟ್ಟ ಮೇಲೆ ಇನ್ನೊಂದು ಸುತ್ತು ಗೊಬ್ಬರ ಸಾಗಿಸುತ್ತೇವೆ. ಹರಿದ ಮೂಟೆಯಿಂದ ಉದುರಿದ್ದು ತೇವಕ್ಕೆ ಕರಗಿ ತಟತಟ ಅಂತ ಅದೇ ಬೋಲ್ಟಿನ ಮೇಲೆ. ನಮ್ಮ ಟ್ರೇಲರ್ ತಳ ಹೋಗಿದ್ದೂ ಹೀಗೇ. ಈಗ ಕೆಳಗೆ ಟಾರ್ಪಾಲ್ ಹಾಸದೆ ಮೂಟೆ ಹಾಕುವುದಿಲ್ಲ, ಇಳಿಸಿದ ದಿನವೇ ನೀರು ಹೊಡೆದು ತೊಳೆಯುತ್ತೇವೆ.

ಸ್ಪ್ಯಾನರ್ ಸೆಟ್
ಬರೀ ಉಜ್ಜಿ ಅದೇ ಲಗ್ ಹಾಕಬೇಡಿ. ವೈರಿನ ತುದಿ ಸ್ವಲ್ಪ ಕತ್ತರಿಸಿ ಒಳಗೆ ತಾಮ್ರ ಹೊಳೆಯುತ್ತದಾ ನೋಡಿ. ಕಪ್ಪಾಗಿದ್ದರೆ ಹೊಳೆಯುವ ಜಾಗ ಸಿಗುವವರೆಗೆ ಕತ್ತರಿಸಿ. ಹೊಸ ಲಗ್, ಸ್ಟಾರ್ ವಾಷರ್, ಬೇರೆ ಗಟ್ಟಿ ಜಾಗ. ಬಿಗಿ ಮಾಡಿದ ಮೇಲೆ ಗ್ರೀಸ್ ಸವರಿ. ಲ್ಯಾಂಪಿಗೆ ಬೇರೆಯೇ ಅರ್ತ್ ಕೊಡಿ, ರಿಲೇ ಮತ್ತು ಫ್ಯೂಸ್ ಸಮೇತ.

ಮತ್ತೆ ಆ ಲ್ಯಾಂಪನ್ನು ಕಾಡು ದಾಟಿದ ಮೇಲಾದರೂ ಆರಿಸಿ ಮಾರಾಯರೇ. ಆನೆಗೆ ಏನಾಗುತ್ತದೋ ಗೊತ್ತಿಲ್ಲ, ಹಿಂದೆ ಬರುವ ಬೈಕಿನವರಿಗೆ ಕಣ್ಣು ಕಾಣುವುದಿಲ್ಲ.

ಕಣದ ಮೂಲೆ
ಎಲ್ಲ ಹೇಳಿದ ಹಾಗೆ ಮಾಡಿದೆವು. ಪಂಪ್ ಅರ್ತ್ ಕಡೆ ಈಗ 0.1. ಕೋಡ್ ಅಳಿಸಿ, ಮೂಟೆ ಹೇರಿ, ಲ್ಯಾಂಪ್ ಹಾಕಿಕೊಂಡೇ ಕತ್ತಲಲ್ಲಿ ಮಡಿಕೇರಿ ಹತ್ತಿದೆವು. ಜರ್ಕ್ ಇಲ್ಲ. ಟ್ರಿಮ್ ಏರಿನಲ್ಲೂ +7 ದಾಟಲಿಲ್ಲ. ಪೂರ್ತಿ ತುಳಿದಾಗ ಸೆನ್ಸರ್ 0.85. ಗ್ಯಾರೇಜಿನವರಿಗೆ ತೋರಿಸಿದೆ, ಅವರೂ ಬೋಲ್ಟ್ ನೋಡಿ ನಕ್ಕರು. ಇಂಜೆಕ್ಟರ್ ಮಾತು ಮತ್ತೆ ಬರಲಿಲ್ಲ.

ಪಂಪ್ ಹಳೆಯದು ಅಂದಿರಿ. ಈಗ ಚೆನ್ನಾಗಿ ಓಡುತ್ತಿದೆಯಲ್ಲ, ರೋಬಸ್ಟಾ ಕೊಯ್ಲು ಮುಗಿಸಿ ಏಪ್ರಿಲ್‌ನಲ್ಲಿ ಬದಲಾಯಿಸಿದರೆ ಸಾಕಾ?

ವೋಲ್ಟೇಜ್ ವೀರ
ಕೊಯ್ಲಿನ ಮಧ್ಯೆ ಕೈ ಕೊಟ್ಟರೆ ಮೂಟೆ ಯಾರು ಹೊರುತ್ತಾರೆ? ಈಗಲೇ ಹಾಕಿಸಿ.

ಸ್ಪ್ಯಾನರ್ ಸೆಟ್
ನಾನು ಒಪ್ಪುವುದಿಲ್ಲ. ಸುಮ್ನೆ ಯಾಕೆ ಖರ್ಚು? ಗೇಜನ್ನು ಗಾಜಿನ ಹೊರಗೆ, ಒಳಗೆ ಕೂತವರಿಗೆ ಕಾಣುವ ಹಾಗೆ ಕಟ್ಟಿ ಅದೇ ಏರು ಹತ್ತಿಸಿ ನೋಡಿ. ಪೂರ್ತಿ ಲೋಡಿನಲ್ಲಿ ಪ್ರೆಶರ್ ಅಲುಗಾಡದಿದ್ದರೆ ಏಪ್ರಿಲ್‌ವರೆಗೆ ಬಿಡಿ, ಟ್ಯಾಂಕ್ ಮಾತ್ರ ಕಾಲು ಭಾಗಕ್ಕಿಂತ ಕೆಳಗೆ ಇಳಿಸಬೇಡಿ. ಪಂಪ್ ತಣ್ಣಗಿರುವುದು ಪೆಟ್ರೋಲಿನಲ್ಲಿ ಮುಳುಗಿರುವುದರಿಂದಲೇ. ಪ್ರೆಶರ್ ಇಳಿದರೆ ಆಗ ವೀರರ ಮಾತು ಕೇಳಿ.

ಕಣದ ಮೂಲೆ
ಗೇಜ್ ಭಾನುವಾರ ಸಿಗುತ್ತದೆ. ನೋಡಿ ಅಂಕಿ ಹಾಕುತ್ತೇನೆ.